ಅಕ್ಕಿ ತೊಳೆದ ನೀರಲ್ಲಿ ನಡೆಯುವ ನಮ್ಮ ಹಿತ್ತಲು

ನಮ್ಮ ಮನೆ ಇರುವುದು ಗಂಗಾವತಿಯಲ್ಲಿ. ಮನೆ ಹಿಂದೆ ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಹಿತ್ತಲಿದೆ. ನಾನು ಮದುವೆಯಾಗಿ ಬಂದಾಗ ಅಲ್ಲಿ ಇದ್ದದ್ದು ಎರಡೇ. ಮೂಲೆಯಲ್ಲಿ ಬೇವಿನ ಮರ, ಬಚ್ಚಲ ಪಕ್ಕ ಕರಿಬೇವು. ಈಗ ಫೆಬ್ರವರಿ ಕೊನೆಯಿಂದ ಮೇ ತನಕ ನಾವು ಐದು ಜನ ತಿನ್ನುವ ತಪ್ಪಲು ಪಲ್ಯ ಹೆಚ್ಚುಕಡಿಮೆ ಅಲ್ಲಿಂದಲೇ ಬರುತ್ತದೆ. ಅದಕ್ಕೆ ಅಂತ ನಲ್ಲಿ ನೀರು ಒಂದು ಕೊಡವೂ ಬೇರೆ ಹಿಡಿಯುವುದಿಲ್ಲ. ಇಷ್ಟು ಕಲಿಯಲು ನನಗೆ ಮೂರು ಬೇಸಿಗೆ ಬೇಕಾಯಿತು. ನಮ್ಮಂಥ ಬಿಸಿಲೂರಿನಲ್ಲಿ ಹಿತ್ತಲು ಮಾಡಬೇಕು ಅನ್ನುವವರಿಗೆ ಈ ಮೂರು ವರ್ಷ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಇದು ಶುರುವಾದದ್ದು ಗಿಡದಿಂದಲ್ಲ, ಒಂದು ನೋಟ್‌ಬುಕ್ಕಿನಿಂದ. ನಮ್ಮ ಮನೆಯವರು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ. ಒಂದು ತಿಂಗಳು ಕಾಯಿಪಲ್ಯಕ್ಕೆ ಕೊಟ್ಟ ದುಡ್ಡನ್ನೆಲ್ಲ ಬರೆದಿಡು, ಎಲ್ಲಿ ಹೋಗುತ್ತದೆ ಅಂತ ನೋಡೋಣ ಅಂದರು. ಬರೆದೆ. ಉಳ್ಳಾಗಡ್ಡಿ, ಟೊಮೆಟೊ, ಬದನೆಕಾಯಿಗೆ ಜಾಸ್ತಿ ಹೋಗುತ್ತಿದೆ ಅಂದುಕೊಂಡಿದ್ದೆ. ನೋಡಿದರೆ ದುಡ್ಡು ಹತ್ತು ಹತ್ತು ರೂಪಾಯಿಯಾಗಿ ಸೋರುತ್ತಿತ್ತು. ಒಂದು ಸಿವುಡು ಮೆಂತೆ, ಒಂದು ಸಿವುಡು ಪುಂಡಿ, ರಾಜಗಿರಿ, ಕೊತ್ತಂಬರಿ, ಒಂದು ಹಿಡಿ ಹಸಿಮೆಣಸಿನಕಾಯಿ. ಒಂದು ತಿಂಗಳಿಗೆ 640 ರೂಪಾಯಿ. ಅದರಲ್ಲೂ ಅರ್ಧ ಸಿವುಡು ಮರುದಿನ ಬಾಡಿ ತಿಪ್ಪೆಗೆ ಹೋಗುತ್ತಿತ್ತು. ಬೇಸಿಗೆಯಲ್ಲಂತೂ ಸಂತೆಯಿಂದ ಮನೆಗೆ ಬರುವಷ್ಟರಲ್ಲಿ ಸೊಪ್ಪಿನ ಜೀವ ಹೋಗಿರುತ್ತದೆ, ಅಲ್ವಾ?

ಅವತ್ತೇ ಒಂದು ತೀರ್ಮಾನಕ್ಕೆ ಬಂದೆ. ಉಳ್ಳಾಗಡ್ಡಿ, ಆಲೂಗಡ್ಡೆ ಬೆಳೆಯಲು ಹೋಗಬಾರದು. ರೈತರು ಅದನ್ನು ನಮಗಿಂತ ಚೆನ್ನಾಗಿ, ಅಗ್ಗವಾಗಿ ಬೆಳೆಯುತ್ತಾರೆ. ಬೇಗ ಬಾಡುವುದು ಮತ್ತು ದಿನಾ ಸ್ವಲ್ಪ ಸ್ವಲ್ಪ ಬೇಕಾಗುವುದು ಮಾತ್ರ ಮನೆಯಲ್ಲಿರಬೇಕು. ಈ ಮಾತನ್ನು ಈಗಲೂ ಬಿಟ್ಟಿಲ್ಲ.

ಆದರೆ ಮೊದಲ ವರ್ಷ ಕಾಲ ತಪ್ಪಿದೆ. ಯುಗಾದಿ ಎಂದರೆ ಹೊಸ ಚಿಗುರು, ಹೊಸ ವರ್ಷ. ಹಬ್ಬ ಮುಗಿಸಿ ಬೀಜ ಹಾಕೋಣ ಅಂದುಕೊಂಡೆ. ಪ್ಲಾಸ್ಟಿಕ್ ಕುಂಡ, ತೆಂಗಿನ ನಾರಿನ ಪುಡಿ, ಹೈಬ್ರಿಡ್ ಬೀಜ ಎಲ್ಲ ಸೇರಿ 2,300 ರೂಪಾಯಿ ಖರ್ಚು ಮಾಡಿದೆ. ಅತ್ತೆ ಬಾಗಿಲಲ್ಲಿ ಕೂತು ನೋಡುತ್ತಿದ್ದರು. "ಯವ್ವಾ, ಈ ಬಿಸಲಾಗ ಬೀಜ ಹಾಕಿದ್ರ ಹುರದಂಗ ಆಕ್ಕಾವು. ಶಿವರಾತ್ರಿಗಿಂತ ಮೊದಲಽ ಹಾಕಬೇಕಿತ್ತು" ಅಂದರು. ನಾನು ಕೇಳಲಿಲ್ಲ. ಕೊತ್ತಂಬರಿ ಗೇಣುದ್ದ ಬರುವ ಮೊದಲೇ ಹೂ ಬಿಟ್ಟಿತು. ಟೊಮೆಟೊ ಗಿಡ ಎತ್ತರ ಬೆಳೆದು ಹೂ ಬಿಟ್ಟಿತು, ಹೂವೆಲ್ಲ ಉದುರಿತು. ಹಗಲಿನ ಬಿಸಿ 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇದ್ದರೆ ಟೊಮೆಟೊ ಪರಾಗ ಕೆಟ್ಟು ಕಾಯಿ ಕಚ್ಚುವುದಿಲ್ಲ. ನಮ್ಮಲ್ಲಿ ಏಪ್ರಿಲ್‌ನಲ್ಲಿ 40 ಮಾಮೂಲು. ಕರಿ ಪ್ಲಾಸ್ಟಿಕ್ ಕುಂಡ ಮಧ್ಯಾಹ್ನ ಮುಟ್ಟಿದರೆ ಕೈ ಸುಡುತ್ತಿತ್ತು. ಒಳಗೆ ಬೇರಿಗೆ ಹೇಗಾಗಿರಬೇಡ! ಮೇ ತಿಂಗಳಿಗೆ ಎಲ್ಲ ಒಣಗಿತು.

ಅತ್ತೆ ಹೇಳಿದ್ದರಲ್ಲಿ ಸರಿಯಾದ ಕಾರಣ ಇತ್ತು. ಶಿವರಾತ್ರಿಗಿಂತ ಎರಡು ವಾರ ಮೊದಲು ಬೀಜ ಬಿದ್ದರೆ ಗಿಡಕ್ಕೆ ಬೇರು ಇಳಿಸಲು ತಂಪು ದಿನ ಸಿಗುತ್ತವೆ. ಯುಗಾದಿ ಹೊತ್ತಿಗೆ ಬೇರು ಒಂದು ಅಡಿ ಕೆಳಗೆ ಹೋಗಿರುತ್ತದೆ. ಮೇಲೆ ನೆಲ ಕಾದರೂ ಕೆಳಗೆ ತೇವ ಇರುತ್ತದೆ. ಆಮೇಲೆ ನಮ್ಮ ಕೆಲಸ ಕಾಯುವುದು ಮಾತ್ರ. ಹಾಗಾಗಿ ಈಗ ಜನವರಿ ಕೊನೆಯ ವಾರ ನಾನು ಮಡಿ ಅಗೆದು ತಯಾರು ಮಾಡುತ್ತೇನೆ, ಫೆಬ್ರವರಿ ಮೊದಲ ವಾರ ಬಿತ್ತುತ್ತೇನೆ.

ಎರಡನೇ ವರ್ಷ ಕಾಲ ಸರಿಯಾಯಿತು, ನೀರು ತಪ್ಪಿತು. ಇದನ್ನು ಸ್ವಲ್ಪ ಉದ್ದ ಹೇಳಬೇಕು. ಸುಮಾರು ಜನ ಇಲ್ಲೇ ಎಡವುತ್ತಾರೆ.

ನಲ್ಲಿ ನೀರು ದಿನಾ ಬರುವುದಿಲ್ಲ. ಬಟ್ಟೆ ಒಗೆಯುವ ಮಷಿನ್‌ನಿಂದ ಒಂದು ಸಲಕ್ಕೆ ನಾಲ್ಕೈದು ಬಕೆಟ್ ನೀರು ಮೋರಿಗೆ ಹೋಗುವುದು ನೋಡಿ ಹೊಟ್ಟೆ ಉರಿಯುತ್ತಿತ್ತು. ಆ ಪೈಪನ್ನು ಎತ್ತಿ ಹಿತ್ತಲಿಗೆ ಬಿಟ್ಟೆ. ಮೊದಲ ತಿಂಗಳು ಗಿಡ ಚೆನ್ನಾಗಿಯೇ ಇದ್ದವು. ಆಮೇಲೆ ಮಣ್ಣು ಬದಲಾಯಿತು. ನಮ್ಮದು ಎರೆಮಣ್ಣು. ಒಣಗಿದರೆ ಬಿರುಕು ಬಿಡಬೇಕು, ನೀರು ಬಿದ್ದರೆ ಅರಳಬೇಕು. ಅದು ಎರಡನ್ನೂ ಬಿಟ್ಟಿತು. ಮೇಲೆ ಗಟ್ಟಿ ಹಪ್ಪಳದಂತೆ ಪದರ ಕಟ್ಟಿತು. ನೀರು ಇಂಗದೆ ನಿಲ್ಲತೊಡಗಿತು. ಅಂಚಿನಲ್ಲಿ ಬಿಳಿ ಉಪ್ಪು ಕಾಣಿಸಿತು.

ನನ್ನ ತವರಿನವರ ಹೊಲ ಕಾಲುವೆ ನೀರಿನದು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ನಮ್ಮ ಕಡೆ ನೆಲ್ಲು ಬಂತು, ಅದರ ಜೊತೆ ತಗ್ಗಿನ ಹೊಲಗಳಿಗೆ ಸವಳು ಜವಳು, ಅಂದರೆ ಉಪ್ಪೇರಿ ನೀರು ನಿಂತು ನೆಲ ಕೆಡುವುದು ಕೂಡ ಬಂತು. ಅಂಥ ನೆಲವನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಹಿತ್ತಲಲ್ಲಿ ಅದೇ ಬಿಳುಪು ಕಂಡಾಗ ಎದೆ ಧಸಕ್ ಅಂದಿತು. ಸಾಬೂನು ಪುಡಿಯಲ್ಲಿ ಸೋಡಾ ಇರುತ್ತದೆ. ಆ ಸೋಡಿಯಂ ಎರೆಮಣ್ಣಿನ ಕಣಗಳನ್ನು ಬಿಡಿಬಿಡಿ ಮಾಡಿ ಮಣ್ಣಿನ ಉಸಿರು ಕಟ್ಟಿಸುತ್ತದೆ. ಪೈಪು ತೆಗೆದೆ. ರೈತರು ಸವಳು ನೆಲಕ್ಕೆ ಹಾಕುವ ಜಿಪ್ಸಂ ತಂದು ಮಣ್ಣಿಗೆ ಬೆರೆಸಿದೆ. ಆ ಮಡಿಯನ್ನು ಮಳೆಗಾಲವಿಡೀ ಖಾಲಿ ಬಿಟ್ಟೆ. ಮಳೆ ನೀರು ಚೆನ್ನಾಗಿ ತೊಳೆದ ಮೇಲೆ ಮಣ್ಣು ಸುಧಾರಿಸಿತು.

ಮನೆಯಲ್ಲಿ ನೀರು ಶುದ್ಧ ಮಾಡುವ ಮಷಿನ್ ಇದ್ದರೆ ಅದು ಹೊರಗೆ ಬಿಡುವ ನೀರನ್ನೂ ಗಿಡಕ್ಕೆ ಹಾಕಬೇಡಿ. ನೋಡಲು ತಿಳಿಯಾಗಿರುತ್ತದೆ. ಆದರೆ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ನಾನು ಅದನ್ನು ನೆಲ ಒರೆಸಲು ಬಳಸುತ್ತೇನೆ.

ಹಾಗಾದರೆ ಯಾವ ನೀರು? ಅಡುಗೆಮನೆಯದು. ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ಕಾಯಿಪಲ್ಯ ತೊಳೆದದ್ದು, ಕೊಡ ಗಲಬರಿಸಿದ್ದು. ಸಿಂಕಿನ ಪಕ್ಕ ಒಂದು ಬಕೆಟ್ ಇಟ್ಟೆ. ಮೊದಲು ಮಕ್ಕಳಿಗೆ ಮರೆತು ಹೋಗುತ್ತಿತ್ತು. ವಾರದಲ್ಲಿ ರೂಢಿಯಾಯಿತು. ಅಳೆದು ನೋಡಿದೆ. ದಿನಕ್ಕೆ 20 ಲೀಟರ್ ಆಗುತ್ತದೆ, ಹಬ್ಬ ಅಥವಾ ನೆಂಟರು ಬಂದ ದಿನ 30. ಹಾಗಾಗಿ ಮಡಿಯನ್ನೂ ಅಷ್ಟಕ್ಕೇ ಮಾಡಿದೆ. ನಾಲ್ಕು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಒಂದೇ ಮಡಿ. ನೀರು ಎಷ್ಟಿದೆ ನೋಡಿ ಮಡಿ ಅಳೆಯಬೇಕು. ಜಾಗ ಇದೆ ಅಂತ ಇಡೀ ಹಿತ್ತಲು ಅಗೆದರೆ ಏಪ್ರಿಲ್‌ನಲ್ಲಿ ಯಾವುದಕ್ಕೂ ನೀರು ಸಾಲುವುದಿಲ್ಲ. ಉಪ್ಪು ಹಾಕಿ ಬೇಯಿಸಿದ ನೀರು ಮಾತ್ರ ಬಕೆಟ್ಟಿಗೆ ಬೀಳಬಾರದು. ತುಂಬಿದ ಬಕೆಟ್ ಅವತ್ತೇ ಖಾಲಿಯಾಗಬೇಕು. ಮರುದಿನಕ್ಕೆ ಅಕ್ಕಿ ನೀರು ಹುಳಿ ನಾತ ಬರುತ್ತದೆ.

ನೀರು ಕೊಡುವುದು ಕುಡಿಕೆಯಿಂದ. ಎರಡು ಲೀಟರ್ ಹಿಡಿಯುವ, ಬಣ್ಣ ಹಚ್ಚದ ಮಣ್ಣಿನ ಕುಡಿಕೆಗಳನ್ನು ಕುತ್ತಿಗೆ ತನಕ ಹೂತಿದ್ದೇನೆ. ಎರಡು ಅಡಿಗೆ ಒಂದು. ನೀರು ತುಂಬಿ ಬಿಟ್ಟರೆ ಮಣ್ಣು ಒಣಗಿದಷ್ಟೇ ನೀರು ಹೊರಗೆ ಜಿನುಗುತ್ತದೆ. ಮೇಲೆ ಆವಿಯಾಗಿ ಹೋಗುವುದಿಲ್ಲ. ಅಕ್ಕಿ ನೀರನ್ನು ಬಟ್ಟೆಯಲ್ಲಿ ಸೋಸಿ ಹಾಕಬೇಕು, ಇಲ್ಲವಾದರೆ ಗಂಜಿ ಕುಡಿಕೆಯ ಸಣ್ಣ ತೂತು ಮುಚ್ಚುತ್ತದೆ. ನಾನು ಕುಡಿಕೆಗೆ ಕಾಯಿಪಲ್ಯ ತೊಳೆದ ನೀರು, ಗಿಡದ ಬುಡಕ್ಕೆ ಅಕ್ಕಿ ನೀರು ಅಂತ ಬೇರೆ ಮಾಡಿದ್ದೇನೆ. ಬಾಯಿಗೆ ಮುಚ್ಚಳ ಇರಲೇಬೇಕು, ಸೊಳ್ಳೆ ಮೊಟ್ಟೆ ಇಡುತ್ತದೆ. ಹೋದ ಬೇಸಿಗೆಯ ಕುಡಿಯುವ ನೀರಿನ ಗಡಿಗೆ ಮನೆಯಲ್ಲಿದೆ, ಅದನ್ನೇ ಹೂಳೋಣ ಅಂತ ಅನಿಸುವುದು ಸಹಜ. ನಾನೂ ಹೂತೆ. ನಾಲ್ಕು ದಿನವಾದರೂ ನೀರು ಇಳಿಯಲಿಲ್ಲ. ನಮ್ಮ ಬೋರಿನ ನೀರು ಗಡಸು. ಅದರ ಸುಣ್ಣ ಗಡಿಗೆಯ ಮೈಯಲ್ಲಿ ಕೂತಿರುತ್ತದೆ. ಹಳೇ ಗಡಿಗೆಯಲ್ಲಿ ನೀರು ತಣ್ಣಗಾಗದೇ ಇರುವುದಕ್ಕೂ ಅದೇ ಕಾರಣ. ಹುಣಸೆ ಹುಳಿ ನೀರಲ್ಲಿ ಒಂದು ರಾತ್ರಿ ನೆನೆಸಿ ನಾರಿನಿಂದ ತಿಕ್ಕಿದ ಮೇಲೆ ಸ್ವಲ್ಪ ಜಿನುಗಿತು. ಪೂರ್ತಿ ಅಲ್ಲ. ಕುಡಿಕೆಗೆ ಮಾತ್ರ ಹೊಸದಾಗಿ ದುಡ್ಡು ಕೊಡಿ ಅಂತ ನಾನು ಹೇಳುವುದು ಇದಕ್ಕೇ.

ನೆರಳಿಗೆ ಹಳೇ ಹತ್ತಿ ಸೀರೆ. ಪಡುವಣ ದಿಕ್ಕಿಗೆ ನಾಲ್ಕು ಗಳ ನೆಟ್ಟು ಕಟ್ಟಿದ್ದೇನೆ. ಸುಡುವುದು ಮಧ್ಯಾಹ್ನ ಎರಡರಿಂದ ಐದರ ಬಿಸಿಲು. ಬೆಳಗಿನ ಬಿಸಿಲು ಗಿಡಕ್ಕೆ ಬೇಕೇ ಬೇಕು. ಒಂದು ಸೀರೆ ಒಂದು ಬೇಸಿಗೆ ತಡೆಯುತ್ತದೆ. ಕೌದಿ ಹೊಲಿಯಲು ಬರುವಷ್ಟು ಗಟ್ಟಿ ಇದ್ದ ಸೀರೆಯನ್ನು ಅತ್ತೆ ಕೊಡುವುದಿಲ್ಲ. ಕೌದಿಗೂ ಆಗದ ಸೀರೆ ನನ್ನ ಪಾಲಿಗೆ.

ಮಣ್ಣಿನ ಮೇಲೆ ಹೊದಿಕೆ ಹಾಕಿದ್ದೇನೆ. ನಮ್ಮ ಊರಲ್ಲಿ ನೆಲ್ಲಿನ ಹೊಟ್ಟಿಗೆ ಬರವಿಲ್ಲ. ಮನೆಯವರು ಗಿರಣಿಯಿಂದ ಎರಡು ಚೀಲ ತಂದರು. ಒಂದನ್ನು ಮಣ್ಣಿಗೆ ಬೆರೆಸಿದೆ, ಎಲೆ ಹಳದಿಯಾದವು. ಹಸಿ ಹೊಟ್ಟು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುತ್ತದೆ. ಇನ್ನೊಂದನ್ನು ಮೇಲೆ ಹರಡಿದೆ, ಗಾಳಿಗೆ ಅರ್ಧ ಹಾರಿ ಹೋಯಿತು. ಈಗ ಕೆಳಗೆ ತೆಳುವಾಗಿ ಹೊಟ್ಟು, ಅದರ ಮೇಲೆ ಎರಡು ಬೆರಳು ದಪ್ಪ ನೆಲ್ಲು ಹುಲ್ಲು. ಹುಲ್ಲು ಸರಿಸಿ ಬೆರಳಿಟ್ಟರೆ ಮಧ್ಯಾಹ್ನವೂ ಮಣ್ಣು ತಣ್ಣಗಿರುತ್ತದೆ. ಗೊಬ್ಬರ ಒಂದು ವರ್ಷ ಹಳೆಯ ಕುರಿ ಹಿಕ್ಕೆ. ಹೊಸದು ಬಲು ಕಾವು, ಬೇರು ಸುಡುತ್ತದೆ.

ಏನು ಬಿತ್ತಬೇಕು? ರಾಜಗಿರಿ ಮೊದಲು. 25 ದಿನಕ್ಕೆ ಕೈಗೆ ಬರುತ್ತದೆ. ಬುಡಸಮೇತ ಕೀಳದೆ ತುದಿ ಚಿವುಟಿದರೆ ಮತ್ತೆ ಚಿಗುರುತ್ತದೆ. ಪುಂಡಿ ಅಂತೂ ನಮ್ಮ ನೆಲದ ಮಗಳು. ಬಿಸಿಲು ಜಾಸ್ತಿಯಾದಷ್ಟೂ ಹುಳಿ ಜಾಸ್ತಿ ಅಂತ ನನ್ನ ನಾಲಿಗೆಗೆ ಅನಿಸುತ್ತದೆ. ಬಸಳೆಗೆ ಬೀಜವೇ ಬೇಡ, ಪಕ್ಕದ ಮನೆಯ ಅಕ್ಕ ಕೊಟ್ಟ ಒಂದು ಗೇಣು ಬಳ್ಳಿ ಈಗ ಗೋಡೆ ತುಂಬಿದೆ. ಮೆಂತೆ ಮತ್ತು ಕೊತ್ತಂಬರಿ ಮಾರ್ಚ್ ಮಧ್ಯದ ತನಕ ಮಾತ್ರ. ಆಮೇಲೆ ಆಸೆ ಬಿಡಬೇಕು. ಚವಳಿಕಾಯಿ ಕಡಿಮೆ ನೀರಲ್ಲಿ ಬರುತ್ತದೆ. ಬೆಂಗಳೂರು ಕಡೆ ಇದಕ್ಕೆ ಗೋರಿಕಾಯಿ ಅನ್ನುತ್ತಾರೆ. ಮೆಣಸಿನಗಿಡ ನಾಲ್ಕು ಸಾಕು.

ಬೆಂಡೆಗೆ ನಮ್ಮಲ್ಲಿ ಹಳದಿ ನಂಜು ರೋಗದ ಕಾಟ. ಎಲೆಯ ನರ ಹಳದಿಯಾಗಿ, ಕಾಯಿ ಬಿಳಿಚಿಕೊಳ್ಳುತ್ತದೆ. ಅದನ್ನು ಗಿಡದಿಂದ ಗಿಡಕ್ಕೆ ಹೊರುವುದು ಬಿಳಿನೊಣ. ಬಂದ ಗಿಡಕ್ಕೆ ಔಷಧಿ ಇಲ್ಲ, ಕಿತ್ತು ಹಾಕಬೇಕು. ನಾನು ಅರ್ಕಾ ಅನಾಮಿಕ ಎಂಬ ತಳಿ ಹಾಕುತ್ತೇನೆ. ಈ ರೋಗ ತಡೆಯಲಿ ಅಂತಲೇ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ತಳಿ ಅದು. ಹೈಬ್ರಿಡ್ ಅಲ್ಲ. ಹಾಗಾಗಿ ಬೀಜ ನಾವೇ ಇಟ್ಟುಕೊಳ್ಳಬಹುದು. ಪೂರ್ತಿ ರೋಗ ಬರುವುದೇ ಇಲ್ಲ ಅಂತೇನಿಲ್ಲ, ಹೋದ ವರ್ಷ ಹದಿನಾಲ್ಕು ಗಿಡದಲ್ಲಿ ಎರಡಕ್ಕೆ ಬಂತು.

ನೊಣಕ್ಕೆ ಬೇವಿನ ಬೀಜದ ಕಷಾಯ. ಮಳೆಗಾಲದ ಆರಂಭದಲ್ಲಿ ಮರದ ಕೆಳಗೆ ಬಿದ್ದ ಬೇವಿನ ಹಣ್ಣು ಆರಿಸಿ, ತೊಳೆದು, ನೆರಳಲ್ಲಿ ಒಣಗಿಸಿ ಇಟ್ಟುಕೊಳ್ಳುತ್ತೇನೆ. ಬೇಕಾದಾಗ 50 ಗ್ರಾಂ ತಿರುಳು ಕುಟ್ಟಿ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಸೋಸಿ, ಎಲೆಗೆ ಅಂಟಲು ಚೂರು ಸಾಬೂನು ಕದಡಿ, ಸಂಜೆ ಎಲೆಯ ಕೆಳಗಡೆ ಹೊಡೆಯುತ್ತೇನೆ. ಹತ್ತು ದಿನಕ್ಕೊಮ್ಮೆ. ಆ ಬೇವಿನ ಮರ ನಮಗೆ ಎಷ್ಟು ಕೊಡುತ್ತದೆ ಅಂತ ಯೋಚಿಸಿದರೆ ಕಣ್ಣು ತುಂಬುತ್ತದೆ. ಊರೆಲ್ಲ ಬೆಂದು ನಿಂತಾಗ ತಾನೊಂದು ತಾಮ್ರದ ಬಣ್ಣದ ಚಿಗುರು ಬಿಡುತ್ತದೆ. ಯುಗಾದಿಗೆ ಹೂವು, ಬೇಸಿಗೆಗೆ ನೆರಳು, ವರ್ಷದ ಜೋಳಕ್ಕೆ ಎಲೆ.

ಜೋಳದ ಮಾತು ಬಂತು. ಹಿತ್ತಲಿಗಿಂತ ಹೆಚ್ಚು ದುಡ್ಡು ಉಳಿಸುವುದು ನಿಜವಾಗಿ ಅದೇ. ಫೆಬ್ರವರಿ, ಮಾರ್ಚ್‌ನಲ್ಲಿ ಹಿಂಗಾರಿ ಜೋಳ ರಾಶಿಯಾಗುತ್ತದೆ. ಯಲಬುರ್ಗಾ ಕಡೆಯ ಪರಿಚಯದ ರೈತರಿಂದ ಎರಡು ಕ್ವಿಂಟಲ್ ಬಿಳಿಜೋಳ ಆಗಲೇ ತರುತ್ತೇವೆ. ಮಳಿಗೆಯಲ್ಲಿ ಕಿಲೋ ಲೆಕ್ಕದಲ್ಲಿ ಕೊಳ್ಳುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಮಾಳಿಗೆ ಮೇಲೆ ಎರಡು ದಿನ ಒಣಗಿಸಿ, ರಾತ್ರಿ ಆರಲು ಬಿಟ್ಟು, ಬೆಳಿಗ್ಗೆ ತಣ್ಣಗಿದ್ದಾಗ ಡ್ರಮ್ಮಿಗೆ ತುಂಬಬೇಕು. ಬಿಸಿ ಇರುವಾಗ ತುಂಬಿದರೆ ಒಳಗೆ ಬೆವರಿ ಹುಳ ಬೀಳುತ್ತದೆ. ನಡುನಡುವೆ ಒಣಗಿದ ಬೇವಿನ ಎಲೆ. ಅದೇ ಮಾಳಿಗೆಯ ಬಿಸಿಲಲ್ಲಿ ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಉಪ್ಪು ಮಜ್ಜಿಗೆಯಲ್ಲಿ ನೆನೆಸಿದ ಚವಳಿಕಾಯಿ ಎಲ್ಲ ಒಣಗುತ್ತವೆ.

ಮೂರನೇ ಬೇಸಿಗೆಯ ಲೆಕ್ಕ ನೋಟ್‌ಬುಕ್ಕಿನಲ್ಲಿದೆ. ಕುಡಿಕೆ, ಬೀಜ, ಹಿಕ್ಕೆ ಎಲ್ಲ ಸೇರಿ ಖರ್ಚು 710 ರೂಪಾಯಿ. ಮಾರ್ಚ್‌ನಿಂದ ಮೇ ತನಕ ಸಂತೆಯ ಸೊಪ್ಪಿನ ಖರ್ಚು ತಿಂಗಳಿಗೆ 640ರಿಂದ 130ಕ್ಕೆ ಇಳಿಯಿತು. ಕುಡಿಕೆಗಳು ಇನ್ನೂ ಗಟ್ಟಿಯಾಗಿವೆ, ಈ ವರ್ಷ ಆ ಖರ್ಚಿಲ್ಲ.

ಈಗ ಬೆಂಡೆಯ ಎರಡು ಒಳ್ಳೆ ಗಿಡದಲ್ಲಿ ಮೂರು ಮೂರು ಕಾಯಿ ಬೀಜಕ್ಕೆ ಬಿಟ್ಟಿದ್ದೇನೆ. ಮಗಳು ತಿಳಿಯದೆ ಒಂದನ್ನು ಕಿತ್ತಿದ್ದಳು. ಅವತ್ತಿನಿಂದ ಅತ್ತೆ ಪ್ರತಿ ಕಾಯಿಗೂ ಕೆಂಪು ದಾರ ಕಟ್ಟಿದ್ದಾರೆ. "ಇವು ಮುಂದಿನ ವರ್ಷದ್ದು, ಯಾರೂ ಮುಟ್ಟಬ್ಯಾಡ್ರಿ" ಅಂತ ದಿನಾ ಒಮ್ಮೆ ಹೇಳುತ್ತಾರೆ. ಸಿಪ್ಪೆ ಸೀಳು ಬಿಡಲು ಇನ್ನೂ ಎಂಟು ದಿನ ಬೇಕು.