ರಜೆ ಮುಗಿಯುವ ಹತ್ತು ದಿನ ಮೊದಲು

ನಮ್ಮ ಕಲಬುರಗಿಯಲ್ಲಿ ಬೇಸಿಗೆ ರಜೆ ಅಂದರೆ ಮಕ್ಕಳು ಅಜ್ಜಿ ಊರಲ್ಲೇ. ನನ್ನ ತವರು ಚಿಂಚೋಳಿ ಕಡೆ. ಏಪ್ರಿಲ್ ಎರಡನೇ ವಾರ ಬಸ್ ಹತ್ತಿದ ಮಗಳಿಗೆ ಆಮೇಲೆ ಮನೆಯ ನೆನಪೇ ಇರುವುದಿಲ್ಲ. ಶಾಲೆ ತೆರೆಯುವುದು ಮೇ 29ರ ಸುಮಾರಿಗೆ. ಆಗಲೂ ಇಲ್ಲಿ 40 ಡಿಗ್ರಿ ಬಿಸಿಲು.

ಎರಡು ವರ್ಷದ ಹಿಂದೆ ನಾನು ಶಾಲೆಯ ಹಿಂದಿನ ದಿನ ಸಂಜೆ ಅವಳನ್ನು ಕರೆತಂದೆ. ಮರುದಿನ ಪ್ರಾರ್ಥನೆಗೆ ನಿಂತವಳು ತಲೆ ಸುತ್ತಿ ಕೂತುಬಿಟ್ಟಳು. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಗಡಿಬಿಡಿಯಲ್ಲಿ ಏನೂ ತಿಂದಿರಲಿಲ್ಲ. ತಪ್ಪು ನನ್ನದೇ. ಈಗ ಹತ್ತು ದಿನ ಮೊದಲೇ ಕರೆತರುತ್ತೇನೆ. ನೀವೂ ಹಾಗೇ ಮಾಡಿ.

ಮೊದಲು ನಿದ್ದೆ. ಬ್ಯಾಗು, ಪುಸ್ತಕ ಎಲ್ಲ ಆಮೇಲೆ. ನಮ್ಮಂಥ ಹಳೇ ಮನೆಗಳಲ್ಲಿ ನೆಲಕ್ಕೂ ಮಾಳಿಗೆಗೂ, ಅಂದರೆ ಚಾವಣಿಗೂ, ಶಹಾಬಾದ್ ಪರಸಿ ಕಲ್ಲೇ. ಹಗಲೆಲ್ಲ ಕಾದ ಕಲ್ಲು ರಾತ್ರಿ ಹತ್ತಾದರೂ ಬಿಸಿ ಬಿಡುತ್ತಲೇ ಇರುತ್ತದೆ. ಕೈ ಇಟ್ಟು ನೋಡಿ, ಗೊತ್ತಾಗುತ್ತದೆ. ಅದರ ಕೆಳಗೆ ಮಲಗಿದ ಮಗುವಿಗೆ ಸುಮ್ನೆ ಬೈದರೆ ನಿದ್ದೆ ಬರುತ್ತದಾ? ಸಂಜೆ ಆರಕ್ಕೆ ಬಟ್ಟೆ ಜಾಲಿಸಿದ ನೀರನ್ನು ಮಾಳಿಗೆಗೆ ಹೊಯ್ಯಿರಿ. ಒಳ್ಳೆ ನೀರು ಬೇಡ, ಮೇ ತಿಂಗಳಲ್ಲಿ ಒಂದೊಂದು ಕೊಡವೂ ಬೇಕಾಗುತ್ತದೆ. ಮೊದಲು ಹೊಯ್ದದ್ದು ನೋಡನೋಡುತ್ತಲೇ ಆರಿಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಹೊಯ್ಯಿರಿ.

ಮಗುವನ್ನು ಒತ್ತಾಯದಿಂದ ಮಲಗಿಸಲು ಆಗುವುದಿಲ್ಲ, ಆದರೆ ಎಬ್ಬಿಸಬಹುದು. ಅದಕ್ಕೆ ಬೆಳಗಿನಿಂದಲೇ ಶುರು ಮಾಡಿ. ಎಂಟಕ್ಕೆ ಏಳುವ ಮಗುವನ್ನು ದಿನಕ್ಕೆ ಹದಿನೈದು ನಿಮಿಷ ಬೇಗ ಎಬ್ಬಿಸಿ. ಎಂಟು ದಿನದಲ್ಲಿ ಆರಕ್ಕೆ ಬರುತ್ತದೆ. ಎದ್ದ ಕೂಡಲೇ ಅಂಗಳದ ಬೆಳಕಿಗೆ ಕರೆದುಕೊಂಡು ಹೋಗಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಸಾಕು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಆರಕ್ಕೆ ಏಳಬೇಕಾದರೆ ರಾತ್ರಿ ಒಂಬತ್ತಕ್ಕೆ ಹಾಸಿಗೆಯಲ್ಲಿ ಇರಲೇಬೇಕು. ನನ್ನ ಮಗಳು ಮೊದಲ ಮೂರು ದಿನ 'ಅವ್ವಾ, ಇನ್ನೊಂದ್ ಜರಾ' ಅಂತ ಚಾದರ ಎಳೆದುಕೊಳ್ಳುತ್ತಾಳೆ. ನಾಲ್ಕನೇ ದಿನ ರಾತ್ರಿ ಊಟದ ಮುಂದೆಯೇ ತೂಕಡಿಸುತ್ತಾಳೆ. ಆಗ ನನಗೆ ಸಮಾಧಾನ.

ಬೆಳಿಗ್ಗೆ ಶಾಲೆಯ ಹೊತ್ತಿಗೇ ತಿನ್ನಿಸಿ ಅಭ್ಯಾಸ ಮಾಡಿಸಿ. ಸುಸಲಾ (ಮಂಡಕ್ಕಿ ಒಗ್ಗರಣೆ) ಇರಲಿ, ಮೊಸರು, ಶೇಂಗಾ ಹಿಂಡಿ (ಚಟ್ನಿಪುಡಿ) ಹಚ್ಚಿದ ಅರ್ಧ ರೊಟ್ಟಿ ಇರಲಿ, ಖಾಲಿ ಹೊಟ್ಟೆಯಲ್ಲಿ ಮಾತ್ರ ಕಳಿಸಬೇಡಿ. ನೀರಿನ ಬಾಟಲಿ ದೊಡ್ಡದೇ ಕೊಡಿ.

ಹೊಸ ಬೂಟು ಸಂಜೆ ಹೊತ್ತು ಕೊಳ್ಳಿ. ದಿನವೆಲ್ಲ ಓಡಾಡಿ ಕಾಲು ಸ್ವಲ್ಪ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಬಿಡಿ. ಯೂನಿಫಾರ್ಮ್ ಒಮ್ಮೆ ತೊಡಿಸಿ ನೋಡಿದರೆ ಸಾಕು.

ಬರೆಯುವುದನ್ನೂ ಕೈ ಮರೆತಿರುತ್ತದೆ. ಅದಕ್ಕೆ ಮಗ್ಗಿ ಹತ್ತು ಸಲ ಬರೆಸಬೇಡಿ, ಶಾಲೆಯ ಮೇಲೇ ಸಿಟ್ಟು ಬರುತ್ತದೆ. ನಾನು ಕಿರಾಣಿ ಚೀಟಿ ಬರೆಸುತ್ತೇನೆ. ತೊಗರಿ ಬ್ಯಾಳಿ 2 ಕೆಜಿ, ಶೇಂಗಾ ಅರ್ಧ ಕೆಜಿ, ಬೆಲ್ಲ 1 ಕೆಜಿ. ಅಂಗಡಿಯವರು ಅವಳ ಚೀಟಿ ಓದಿಯೇ ಸಾಮಾನು ಕೊಡುತ್ತಾರೆ. ಮೊದಲ ದಿನ 'ಶೇಂಗಾ'ದ ಸೊನ್ನೆ ಬಿಟ್ಟಿದ್ದಳು. ಮರುದಿನ ತಾನೇ ಸೇರಿಸಿದಳು.

ಇನ್ನು ಅಜ್ಜಿಯ ನೆನಪು. ಇದನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ಊರಿಂದ ಬಂದ ಮೊದಲ ಎರಡು ರಾತ್ರಿ ಮಕ್ಕಳು ಅಳುತ್ತಾರೆ, ಅಳಲಿ ಬಿಡಿ. ದಿನಾ ಸಂಜೆ ಅಜ್ಜಿಗೆ ಒಂದು ಫೋನ್ ಮಾಡಿಸಿ. ಊರಿಂದ ಏನಾದರೂ ಒಂದು ಸಣ್ಣ ವಸ್ತು ತಂದುಕೊಳ್ಳಲಿ. ನನ್ನ ಮಗಳು ಅಜ್ಜಿ ಜೊತೆ ಚೌಕಾಬಾರ ಆಡಿದ ಹುಣಸೆ ಬೀಜ ತಂದಿದ್ದಳು. ಒಂದು ಬದಿ ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿದ್ದು ಅಜ್ಜಿಯೇ. ಹೋದ ವರ್ಷ ಶಾಲೆಯ ಮೊದಲ ದಿನ ಬ್ಯಾಗು ತುಂಬಿಸುವಾಗ ನೋಡಿದೆ, ಕಂಪಾಸ್ ಪೆಟ್ಟಿಗೆಯಲ್ಲಿ ರಬ್ಬರ್ ಪಕ್ಕ ನಾಲ್ಕು ಬೀಜ. ನಾನು ತೆಗೆಯಲಿಲ್ಲ.