1080ರೊಳಗೆ ಖಣ ಕೂರಿಸಿದ್ದು ಹೀಗೆ

"ಪೋಸ್ಟಿಗೆ ಹಾಕೋ ಫೋಟೋ ಫೈಲ್ ಎಷ್ಟು ದೊಡ್ಡದಿರುತ್ತೋ ಅಷ್ಟು ಒಳ್ಳೇದು, ಇನ್‌ಸ್ಟಾಗ್ರಾಂ ತಾನೇ ಚಿಕ್ಕದು ಮಾಡಿಕೊಳ್ಳುತ್ತೆ" ಅಂತ ನಮ್ಮ ಡಿಸೈನರ್ ಗೆಳೆಯರು ಈಗಲೂ ಹೇಳುತ್ತಾರೆ. ನಾನೂ ಎರಡು ವರ್ಷ ಹಾಗೇ ನಂಬಿದ್ದೆ. ಆ ನಂಬಿಕೆಗೆ ತೆತ್ತ ದುಡ್ಡು ಕಡಿಮೆಯೇನಲ್ಲ.

ನನ್ನದು ಬಾಗಲಕೋಟೆ ಕಡೆ ಡಿಟಿಪಿ, ಫ್ಲೆಕ್ಸ್ ಕೆಲಸ. ಫ್ಲೆಕ್ಸ್ ಆರ್ಡರ್ ಇಳಿಯುತ್ತಾ ಬಂದಾಗ ಬಟ್ಟೆ ಅಂಗಡಿಗಳಿಗೆ ಪೋಸ್ಟ್ ಮಾಡಿಕೊಡಲು ಶುರು ಮಾಡಿದೆ. ಒಂದಕ್ಕೆ 150 ರೂಪಾಯಿ. ಮೊದಲು ಕೈಗೆ ಬಂದಿದ್ದೇ ಗುಳೇದಗುಡ್ಡ ಖಣ, ಅಂದರೆ ಕುಪ್ಪಸದ ಬಟ್ಟೆ. ಆನೆ ಹೆಜ್ಜೆ, ತೇರು, ಎಲ್ಲಾ ಸಣ್ಣ ಸಣ್ಣ ಚಿತ್ತಾರ. 6000 ಪಿಕ್ಸೆಲ್‌ನ ಫೋಟೋವನ್ನು ಹಾಗೇ ಹಾಕಿಸಿದೆ. ಕಂಪ್ಯೂಟರ್‌ನಲ್ಲಿ ಎಳೆ ಎಳೆ ಕಾಣುತ್ತಿತ್ತು. ಫೋನಿನಲ್ಲಿ ನೋಡಿದರೆ ಖಣದ ಮೇಲೆ ನೀರಿನ ಅಲೆಯಂಥ ಪಟ್ಟೆ! ಅಂಗಡಿಯವರು ಅವತ್ತೇ ಫೋನ್ ಮಾಡಿದರು. "ಸರ, ನೇಯ್ಗಿ ತಪ್ಪಿದಂಗ ಕಾಣತೈತ್ರಿ. ಗಿರಾಕಿ ಕೇಳಾಕತ್ತಾರ."

ಇನ್‌ಸ್ಟಾಗ್ರಾಂ ಫೀಡ್‌ನಲ್ಲಿ ಫೋಟೋದ ಅಗಲ 1080 ಪಿಕ್ಸೆಲ್‌ಗೆ ಇಳಿಯುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಯಾರು ಇಳಿಸುತ್ತಾರೆ ಅನ್ನುವುದು ಮುಖ್ಯ. ಆಪ್‌ಗೆ ಬಿಟ್ಟರೆ ಆನೆ ಹೆಜ್ಜೆಯ ಗತಿ ಅದರ ಕೈಯಲ್ಲಿ, ಸಣ್ಣ ಚಿತ್ತಾರ ಹೀಗೆ ಕುಗ್ಗಿದಾಗಲೇ ಆ ಅಲೆ ಏಳುವುದು. ಹಾಗಾಗಿ ನಾನೇ ಇಳಿಸತೊಡಗಿದೆ. ಮೊದಲು ಒಂಚೂರು ಬ್ಲರ್, ಆಮೇಲೆ ಎರಡು ಹಂತದಲ್ಲಿ 1080ಕ್ಕೆ, ಕೊನೆಗೆ ಶಾರ್ಪನ್. ಬ್ಲರ್ ಕೊಡುತ್ತೇನೆ ಅಂದಾಗ ಜೊತೆಗಿದ್ದವರು ಒಪ್ಪಲೇ ಇಲ್ಲ. ಸ್ಪಷ್ಟವಾಗಿ ಕಾಣಬೇಕಾದದ್ದನ್ನ ನೀನೇ ಮಸುಕು ಮಾಡ್ತೀಯಲ್ಲ ಅಂದರು. ಅದೇ ಫೋಟೋವನ್ನು ಎರಡೂ ರೀತಿ ಹಾಕಿ ತೋರಿಸಿದೆ. ನನ್ನದರಲ್ಲಿ ಅಲೆ ಇರಲಿಲ್ಲ, ಚಿತ್ತಾರ ಒಂದೊಂದೂ ಬಿಡಿಬಿಡಿಯಾಗಿ ಕಂಡಿತು. ಬ್ಲರ್ ಎಷ್ಟು, ಶಾರ್ಪನ್ ಎಷ್ಟು ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ. ಅದಕ್ಕೆ ಎಂಟು ತಿಂಗಳು ಹಿಡಿದಿದೆ, ಖಣಕ್ಕೊಂದು ಇಳಕಲ್ ಸೀರೆಗೊಂದು ಲೆಕ್ಕ. ಕ್ಯಾಮೆರಾದಲ್ಲೇ ಅಲೆ ಬಂದಿದ್ದರೆ ಇದು ಯಾವುದೂ ನಡೆಯಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ಹೊಡೆಯಬೇಕು.

300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಇಟ್ಟರೆ ಕ್ಲಿಯರ್ ಬರುತ್ತೆ ಅನ್ನುವವರಿಗೂ ಒಂದು ಮಾತು. 72 ಇಟ್ಟೂ ನೋಡಿದೆ, 300 ಇಟ್ಟೂ ನೋಡಿದೆ. ಪಿಕ್ಸೆಲ್ ಅಷ್ಟೇ ಇದ್ದರೆ ಫೋನಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅದು ಪ್ರಿಂಟ್‌ನವರ ಲೆಕ್ಕ. ಆದರೆ ಸಿಎಂವೈಕೆಯಲ್ಲಿ, ಅಂದರೆ ಪ್ರಿಂಟ್‌ನ ನಾಲ್ಕು ಶಾಯಿಯ ಬಣ್ಣದಲ್ಲಿ, ಕಳಿಸಬೇಡಿ. ಫ್ಲೆಕ್ಸ್ ಅಭ್ಯಾಸದಲ್ಲಿ ನಾನು ಒಂದು ಹಬ್ಬದ ಸೆಟ್ ಪೂರ್ತಿ ಹಾಗೇ ಕೊಟ್ಟು, ಬಣ್ಣ ಕೆಟ್ಟು, 2,000 ರೂಪಾಯಿ ವಾಪಸ್ ಕೊಟ್ಟಿದ್ದೇನೆ. ಈಗ ಎಲ್ಲವೂ ಎಸ್‌ಆರ್‌ಜಿಬಿ, ಅಂದರೆ ಪರದೆಯ ಬಣ್ಣದ ಲೆಕ್ಕ.

ದೊಡ್ಡ ಪೆಟ್ಟು ಬಿದ್ದಿದ್ದು 2025ರ ಜನವರಿಯಲ್ಲಿ. ಇನ್‌ಸ್ಟಾಗ್ರಾಂ ಪ್ರೊಫೈಲ್‌ನ ಚೌಕ ಮನೆಗಳನ್ನು ಉದ್ದ ಮಾಡಿತು, 3ಕ್ಕೆ 4ರ ಅಳತೆ. ನನ್ನ 1080×1080 ಪೋಸ್ಟ್‌ಗಳೆಲ್ಲ ಗ್ರಿಡ್‌ನಲ್ಲಿ ಎಡಕ್ಕೆ 135, ಬಲಕ್ಕೆ 135 ಪಿಕ್ಸೆಲ್ ಕಟ್! ಒಂದು ಅಂಗಡಿಯ ಫೋನ್ ನಂಬರ್ ಅಂಚಿನವರೆಗೂ ಇಟ್ಟಿದ್ದೆ. ಕೊನೆಯ ಎರಡು ಅಂಕಿ ಹೋದವು. ಸುಮಾರು 40 ಪೋಸ್ಟ್ ಮತ್ತೆ ಮಾಡಿಕೊಟ್ಟೆ, ದುಡ್ಡು ಕೇಳಲಿಲ್ಲ. ಲೆಕ್ಕ ಹಾಕಿದರೆ 6,000 ರೂಪಾಯಿಯ ಕೆಲಸ.

ಅವತ್ತಿಂದ ಒಂದೇ ಮೂಲ ಫೈಲ್, 1080×1920. ಸ್ಟೋರಿ ಮತ್ತು ವಾಟ್ಸ್ಯಾಪ್ ಸ್ಟೇಟಸ್‌ಗೆ ಅದು ಪೂರ್ತಿ. ಮೇಲೆ 285, ಕೆಳಗೆ 285 ಬಿಟ್ಟರೆ ನಡುವೆ 1350 ಎತ್ತರದ ಫೀಡ್ ಪೋಸ್ಟ್ ಸಿಗುತ್ತದೆ. ಅದೂ ಗ್ರಿಡ್‌ನಲ್ಲಿ ಎರಡೂ ಬದಿ 34ರಷ್ಟು ಕಳೆದುಕೊಳ್ಳುತ್ತೆ, ಹಾಗಾಗಿ ಅಂಚಿಂದ 60 ಒಳಗೇ ಅಕ್ಷರ. ಹೆಸರು, ಬೆಲೆ, ನಂಬರ್ ಮೂರೂ ನಡುವಿನ 1080ರ ಚೌಕದಲ್ಲೇ ಇರಬೇಕು. ಈ ಅಳತೆಗಳ ಗೈಡ್ ಗೆರೆ ಒಮ್ಮೆ ಹಾಕಿಟ್ಟುಕೊಂಡಿದ್ದೇನೆ, ಮೊದಲು ಮೂರು ಗಂಟೆ ಹಿಡಿಯುತ್ತಿದ್ದ ಸೆಟ್ ಈಗ ಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಫೇಸ್‌ಬುಕ್ ಕವರ್‌ಗೆ ಬೇರೆ ದಾರಿ. 1640×720 ಮಾಡಿ, ಅಕ್ಷರವನ್ನು ನಡುವಿನ 1280×624ರಲ್ಲಿ ಇಡುತ್ತೇನೆ. ಫೋನಿನಲ್ಲಿ ಬದಿ ಹೋಗುತ್ತೆ, ಕಂಪ್ಯೂಟರ್‌ನಲ್ಲಿ ಮೇಲೆ ಕೆಳಗೆ ಹೋಗುತ್ತೆ, ನಡುವಿಂದು ಎರಡರಲ್ಲೂ ಉಳಿಯುತ್ತೆ.

ಕನ್ನಡ ಅಕ್ಷರದ ಕಷ್ಟವೇ ಬೇರೆ. "ವರಮಹಾಲಕ್ಷ್ಮಿ" ಅಂತ 30 ಪಿಕ್ಸೆಲ್‌ನಲ್ಲಿ ಬರೆದು ನೋಡಿ. ಕ್ಷ್ಮಿಯ ಒತ್ತುಗಳು ಸೇರಿ ಒಂದು ಕಪ್ಪು ಚುಕ್ಕೆಯಾಗುತ್ತದೆ. ನಾನು 44ಕ್ಕಿಂತ ಕೆಳಗೆ ಇಳಿಯಲ್ಲ. ಸಾಲುಗಳ ನಡುವಿನ ಜಾಗವನ್ನು ಸಾಫ್ಟ್‌ವೇರ್‌ನ ಆಟೋ ಲೆಕ್ಕಕ್ಕೆ ಬಿಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗುತ್ತೆ. ಕೈಯಲ್ಲೇ ಜಾಸ್ತಿ ಮಾಡಿ.

ಇನ್ನೊಂದು ಪ್ರಯೋಗ ರಾಜ್ಯೋತ್ಸವದ್ದು. ಹಳದಿ ಮೇಲೆ ಕೆಂಪು ಅಕ್ಷರ, ಜೆಪೆಗ್ ಮಾಡಿದ ಕೂಡಲೇ ಅಂಚು ಕೊಳೆಯಾಗುತ್ತಿತ್ತು. ಜೆಪೆಗ್ ಸಾಮಾನ್ಯವಾಗಿ ಬಣ್ಣದ ವಿವರವನ್ನು ಉದ್ದ ಅಗಲ ಎರಡರಲ್ಲೂ ಅರ್ಧಕ್ಕಿಳಿಸುತ್ತದೆ, ಕೆಂಪಿನಲ್ಲಿ ಅದು ಜಾಸ್ತಿ ಎದ್ದು ಕಾಣುತ್ತೆ. ಪಿಎನ್‌ಜಿ ಹಾಕಿ ನೋಡಿದೆ, ಇನ್‌ಸ್ಟಾಗ್ರಾಂ ಅದನ್ನೂ ಜೆಪೆಗ್ ಮಾಡಿಬಿಡುತ್ತೆ. ಕೆಂಪನ್ನು ಸ್ವಲ್ಪ ಕಡು ಮಾಡಿ, ಅಕ್ಷರಕ್ಕೆ ತೆಳು ಔಟ್‌ಲೈನ್ ಕೊಟ್ಟ ಮೇಲೆ ಸರಿಹೋಯಿತು. ಔಟ್‌ಲೈನ್ ಯಾವ ಬಣ್ಣ ಅಂತ ನೀವೇ ಹುಡುಕಿ, ಕಪ್ಪಂತೂ ಅಲ್ಲ.

ಇಷ್ಟೆಲ್ಲಾ ಮಾಡಿ ವಾಟ್ಸ್ಯಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಮುಗಿಯಿತು, ಅದು ಇನ್ನೊಮ್ಮೆ ಹಿಂಡುತ್ತದೆ. ಡಾಕ್ಯುಮೆಂಟ್ ಅಂತಲೇ ಕಳಿಸಬೇಕು. ಅಂಗಡಿಯವರಿಗೆ ಅದು ಫೋನಿನಲ್ಲಿ ಎಲ್ಲಿ ಕೂತಿದೆ ಅಂತ ಗೊತ್ತಾಗುತ್ತಿರಲಿಲ್ಲ. ಹೋಗಿ, ಪಕ್ಕದಲ್ಲಿ ಕೂತು, ಅವರ ಕೈಯಿಂದಲೇ ಎರಡು ಸಲ ಅಪ್‌ಲೋಡ್ ಮಾಡಿಸಿದೆ. ಅಲೆ ಬಂತು ಅಂತ ಫೋನ್ ಮಾಡಿದ್ದ ಅಂಗಡಿಯವರೇ ಈಗ ತಿಂಗಳಿಗೆ 7,000 ಕೊಡುತ್ತಾರೆ. ಹೋದ ವಾರ ಹೊಸ ಖಣ ಬಂದಿದೆ ಅಂತ ಕರೆದಿದ್ದರು. ಚಿತ್ತಾರ ಇನ್ನೂ ಸಣ್ಣದು, ಹಾಗಾಗಿ ಬ್ಲರ್ ಲೆಕ್ಕ ಮತ್ತೆ ಹಾಕುತ್ತಿದ್ದೇನೆ.