ಒದ್ದೆ ಬಂಡೆಯ ಬಸವನಹುಳು: ನಾನು ಹುಡುಕುವ ರೀತಿ

ಸಿಹಿನೀರಿನ ಬಸವನಹುಳು ಅಂದ ಕೂಡಲೇ ಹೊಸಬರು ಹೊಳೆಗಿಳಿದು ಕಲ್ಲು ಮಗುಚಲು ಶುರು ಮಾಡುತ್ತಾರೆ. ಕ್ರೆಮ್ನೊಕಾಂಕಸ್ ಅನ್ನುವ ಸಿಹಿನೀರಿನ ಬಸವನಹುಳುವಿನ ಕುಲವನ್ನು ಹುಡುಕುವಾಗ ನಾನು ಮಡುವಿನ ಕಡೆ ತಿರುಗಿಯೂ ನೋಡುವುದಿಲ್ಲ. ಜಲಪಾತದ ಹನಿ ಸಿಡಿಯುವ ಬಂಡೆ, ಬಂಡೆ ಮೇಲೆ ತೆಳ್ಳಗೆ ಹರಿಯುವ ತೊರೆ, ಅಷ್ಟೇ ನನ್ನ ಜಾಗ.

ಅದು ಅಲ್ಲೇ ಇರುವುದರಲ್ಲಿ ಆಶ್ಚರ್ಯವಿಲ್ಲ. ಇದು ಲಿಟ್ಟೊರಿನಿಡೆ ಕುಟುಂಬದ್ದು, ಆ ಕುಟುಂಬದ ಬಹುಪಾಲು ಹುಳುಗಳು ಸಮುದ್ರದ್ದು. ಕರಾವಳಿಯಲ್ಲಿ ಅಲೆ ಸಿಡಿಯುವ ಕಲ್ಲಿಗೆ ಅಂಟಿಕೊಂಡಿರುವ ಪುಟ್ಟ ಶಂಖಗಳನ್ನು ನೋಡಿರುತ್ತೀರಿ, ಅವೇ ಇದರ ನೆಂಟರು. ಕ್ರೆಮ್ನೊಕಾಂಕಸ್ ಮಾತ್ರ ಘಟ್ಟ ಹತ್ತಿ ಕೂತಿದೆ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಮಹಾರಾಷ್ಟ್ರದ ಮೂರು ಪ್ರಭೇದಗಳು ಹಿಂದೆಯೇ ಗೊತ್ತಿದ್ದವು. 2013ರಲ್ಲಿ ಡೇವಿಡ್ ರೀಡ್, ಎನ್.ಎ. ಅರವಿಂದ್, ಎನ್.ಎ. ಮಧ್ಯಸ್ಥ ಅವರು ಕರ್ನಾಟಕದಿಂದ ಇನ್ನೂ ಆರನ್ನು ವಿವರಿಸಿದರು. ಆಗುಂಬೆಯದ್ದು ಅಗುಂಬೆನ್ಸಿಸ್, ಹನುಮನಗುಂಡಿಯದ್ದು ಹನುಮಾನಿ.

ಹುಳು ಕಡಲೆಕಾಳಿನಷ್ಟು. ಕಪ್ಪು ಬಂಡೆ ಮೇಲೆ ಪಾಚಿ ಹತ್ತಿದ ಚಿಪ್ಪು ನೇರ ಬೆಳಕಿಗೆ ಕಾಣಿಸುವುದೇ ಇಲ್ಲ. ಹಾಗಾಗಿ ಹಗಲಲ್ಲೂ ಟಾರ್ಚ್ ಹಿಡಿಯುತ್ತೇನೆ, ಬಂಡೆಗೆ ತಾಗುವ ಹಾಗೆ ಪಕ್ಕದಿಂದ. ಆಗ ಪ್ರತಿ ಚಿಪ್ಪಿಗೂ ನೆರಳು ಬೀಳುತ್ತದೆ. ಇಂಬಳಕ್ಕೆ ಹೆದರಿ ಕಾಲು ನೋಡಿಕೊಳ್ಳುತ್ತಾ ನಿಂತರೆ ಈ ಕೆಲಸ ಆಗಲ್ಲ.

ಮುಂದಿನದು ಭೂತಗನ್ನಡಿಯ ಕೆಲಸ. ನೆಲದ ಬಸವನಹುಳುವಿಗೆ ಸಾಮಾನ್ಯವಾಗಿ ಎರಡು ಜೊತೆ ಮೀಸೆ, ಉದ್ದದ ಜೊತೆಯ ತುದಿಯಲ್ಲಿ ಕಣ್ಣು. ಇದಕ್ಕೆ ಒಂದೇ ಜೊತೆ, ಕಣ್ಣು ಬುಡದಲ್ಲಿ. ಮೆತ್ತಗೆ ಮುಟ್ಟಿದರೆ ಒಳಗೆ ಹೋಗಿ ಮುಚ್ಚಳ ಹಾಕಿಕೊಳ್ಳುತ್ತದೆ. ತೊರೆಯಲ್ಲಿ ಸಿಗುವ ಇನ್ನೊಂದು ಬಸವನಹುಳು ಪಾಲುಡೋಮಸ್‌ಗೂ ಮುಚ್ಚಳ ಇದೆ, ಆದ್ದರಿಂದ ಅದೊಂದನ್ನೇ ನಂಬಬೇಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯುತ್ತೇನೆ, ಹುಳುವನ್ನು ಅಲ್ಲೇ ಬಿಡುತ್ತೇನೆ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಎತ್ತುವ ಹಾಗಿಲ್ಲ. ಜೊತೆಗೆ, ಒಂದೊಂದು ಪ್ರಭೇದ ಇರುವ ಜಾಗವೇ ಬಹಳ ಚಿಕ್ಕದು. ನಾಲ್ಕು ಜನ ನಾಲ್ಕು ಹಿಡಿ ತೆಗೆದರೆ ಏನು ಉಳಿದೀತು?

ನನ್ನ ಲೆಕ್ಕದಲ್ಲಿ ಇದಕ್ಕೆ ದೊಡ್ಡ ಕುತ್ತು ನೀರಿನ ದಾರಿ ತಪ್ಪಿಸುವುದು. ಇದರ ಊಟ ಬಂಡೆಯ ಪಾಚಿ, ಒದ್ದೆ ಹೋದರೆ ಪಾಚಿಯೂ ಹೋಯಿತು. ಮಹಾರಾಷ್ಟ್ರದ ಸೈಹಾಡ್ರೆನ್ಸಿಸ್ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿರುವ ಪ್ರಭೇದ. ಹೀಗಾಗಿ ಹುಳು ಎಣಿಸುವಷ್ಟೇ ಗಮನ ಕೊಟ್ಟು ಮೇಲೆ ಎಲ್ಲಿ ಪೈಪ್ ಹಾಕಿದ್ದಾರೆ, ಎಲ್ಲಿ ಕಟ್ಟ ಕಟ್ಟಿದ್ದಾರೆ ಅಂತಲೂ ಬರೆದುಕೊಳ್ಳುತ್ತೇನೆ.

ತೋಟದವರು ಮೊದಲು ಕೇಳುವುದು "ಇದು ಅಡಿಕೆ ಗಿಡ ತಿನ್ನುತ್ತಾ ಮಾರಾಯ್ರೆ?" ಅಂತ. ಆಫ್ರಿಕನ್ ಬಸವನಹುಳುವಿನ ಕಾಟ ಕಂಡವರು, ಕೇಳದೆ ಇರುತ್ತಾರಾ? ಫೋಟೊ ತೋರಿಸಿ, ಇದು ಬಂಡೆ ಬಿಟ್ಟು ತೋಟಕ್ಕೆ ಬರುವ ಜಾತಿ ಅಲ್ಲ ಅನ್ನುತ್ತೇನೆ. ಆಮೇಲೆ, ಬೇಸಿಗೆಯಲ್ಲೂ ಒಣಗದ ಬಂಡೆ ಎಲ್ಲಿದೆ ಅಂತ ಕೇಳುತ್ತೇನೆ. ಅದು ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲ್ಲ.